ಕುರಿಯ ಮಿದುಳಿನ ಎಡಬಲ

ಆ ಸಂಶೋಧನಾಲಯದಲ್ಲಿ ಮುಖ್ಯಸ್ಥರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಮಿದುಳನ್ನು ಹೋಳು ಮಾಡುವ ಕೋಣೆ ಅವಳ ಕೈಯಲ್ಲಿತ್ತು. ಹೆಪ್ಪುಗಟ್ಟಿ ಕಲ್ಲಾದ ಮಿದುಳನ್ನು ಯಂತ್ರದ ಅಲಗಿಗೆ ಕೊಟ್ಟು, ಈರುಳ್ಳಿಯ ಒಳಪೊರೆಗಿಂತ ತೆಳುವಾಗಿ ಸೀಳಿ, ನೀರಿನಲ್ಲಿ ತೇಲುವ ಹೋಳನ್ನು ಕುಂಚದ ತುದಿಯಿಂದ ಗಾಜಿನ ಮೇಲೆ ಎಳೆದುಕೊಳ್ಳಬೇಕು. ನೋಡುವವರಿಗೆ ಸುಲಭ, ಮಾಡಲು ಕೂತವರಿಗೆ ಗೊತ್ತು ಅದರ ಪಾಡು. ಕಲಿಯಲು ಬಂದ ನಾಲ್ಕು ಜನ ವಾರ ತುಂಬುವ ಮೊದಲೇ ಕೈಮುಗಿದು ಹೋಗಿದ್ದರು.

ಅಲ್ಲಿ ನಡೆಯುತ್ತಿದ್ದುದು ಮಕ್ಕಳ ಒಂದು ಕಾಯಿಲೆಯ ಕೆಲಸ. ಒಂದೇ ಒಂದು ಜೀನ್ ಕೆಟ್ಟು ಹುಟ್ಟಿದ ಮಕ್ಕಳು, ನಡೆಯಲು ಕಲಿತ ವರ್ಷದಲ್ಲೇ ನಡಿಗೆ ಮರೆಯುತ್ತಿದ್ದರು. ರೋಗ ತರುವ ಭಾಗವನ್ನೆಲ್ಲ ತೆಗೆದುಹಾಕಿದ ವೈರಸ್ಸಿನ ಚಿಪ್ಪಿನೊಳಗೆ ಒಳ್ಳೆಯ ಜೀನ್ ತುಂಬಿ, ಸಪೂರ ನಳಿಕೆಯಿಂದ ಮಿದುಳಿನ ಆಳಕ್ಕೆ ಬಿಟ್ಟರೆ ಅದು ಎಲ್ಲೆಲ್ಲಿ ಹರಡುತ್ತದೆ ಎಂಬುದನ್ನು ಮೊದಲು ಕುರಿಗಳಲ್ಲಿ ನೋಡುತ್ತಿದ್ದರು. ಜೀನ್ ಕೆಲಸ ಶುರುಮಾಡಿದ ಜೀವಕೋಶ ಹಸಿರಾಗಿ ಹೊಳೆಯುವಂತೆ ಮಾಡಿರುತ್ತಿದ್ದರು. ತಿಂಗಳ ನಂತರ ಅಕ್ಕ ಹೋಳು ಮಾಡಿ, ಸೂಕ್ಷ್ಮದರ್ಶಕದಲ್ಲಿ ಹಸಿರು ಎಣಿಸಿ, ಇಷ್ಟು ಎಂದು ಹೇಳಬೇಕು. ಅವಳು ಹೇಳುವ ತನಕ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಅಲ್ಲಿಗೇ ಅವಳ ಒಡಹುಟ್ಟಿದ ತಂಗಿ ಕೆಲಸಕ್ಕೆ ಬಂದಳು.

ತಂಗಿ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಅಕ್ಷರ ತಿದ್ದಿಸಿದ್ದು ಅಕ್ಕ. ಆಮೇಲೆ ತಂಗಿ ಓದಿ ಓದಿ ಡಾಕ್ಟರೇಟ್ ತನಕ ಹೋದಳು, ಅಕ್ಕ ಡಿಪ್ಲೊಮಾಕ್ಕೆ ನಿಂತಳು. ಇದರಲ್ಲಿ ಯಾರ ತ್ಯಾಗವೂ ಇರಲಿಲ್ಲ. ಇವಳಿಗೆ ಅಷ್ಟು ತಲೆ ಓಡಿತು, ಅವಳಿಗೆ ಇನ್ನಷ್ಟು ಓಡಿತು, ಅಷ್ಟೇ. ದೂರಲು ಯಾರೂ ಇಲ್ಲದ್ದೇ ಅಕ್ಕನಿಗೆ ಹೆಚ್ಚು ಸಂಕಟ.

ತಂಗಿ ತಂದ ವಿಧಾನ ಹೊಸದು. ವೈರಸ್ಸಿನ ಚಿಪ್ಪಿಗೇ ವಿಕಿರಣ ಸೂಸುವ ಒಂದು ಕಣ ಅಂಟಿಸುವುದು, ಕುರಿಯನ್ನು ಮಲಗಿಸಿ ಸ್ಕ್ಯಾನರಿನೊಳಗೆ ತಳ್ಳುವುದು. ಬದುಕಿರುವ ಮಿದುಳಿನಲ್ಲಿ ಚಿಪ್ಪುಗಳು ಹರಡುವುದು ಗಂಟೆಗಂಟೆಗೆ ಪರದೆಯ ಮೇಲೆ ಕಾಣುತ್ತಿತ್ತು. ಮೊದಲ ಕುರಿಯ ಚಿತ್ರ ನೋಡಿ ಮುಖ್ಯಸ್ಥರು ಕುರ್ಚಿಯಿಂದ ಎದ್ದೇಬಿಟ್ಟರು.

“ಅಕ್ಕಾ, ಇನ್ನು ನಿಮ್ಮ ಅಲಗಿಗೆ ತುಕ್ಕು ಹಿಡಿಯುತ್ತೆ ನೋಡಿ!” ಎಂದರು.

ಎಲ್ಲರೂ ನಕ್ಕರು. ಅಕ್ಕನೂ ಹಲ್ಲು ಬಿಟ್ಟಳು. ಆಮೇಲೆ ಕೋಣೆಗೆ ಹೋಗಿ ಅಲಗಿಗೆ ಎಣ್ಣೆ ಹಚ್ಚಿದಳು.

ಭಾನುವಾರ ತಂಗಿ ಮನೆಗೆ ಬಂದಾಗ ಅದೇ ಚಿತ್ರವನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದಳು. “ಏನು ಚಂದ ಇದೆಯೇ, ಮೋಡ ಹರಡಿದ ಹಾಗೆ!” ಎಂದಳು. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದು, ಅಕ್ಕ ಕೆಲಸದಿಂದ ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಕೈ ಚೆನ್ನಾಗಿ ತೊಳೆದ್ಯಾ?”

ಆ ಮೊದಲ ಕುರಿಗೆ ಮಿದುಳಿನ ಎರಡೂ ಕಡೆ ವೈರಸ್ ಬಿಟ್ಟಿದ್ದರು. ತಂಗಿಯ ಸ್ಕ್ಯಾನಿನ ಪ್ರಕಾರ ಬಲಗಡೆ ಚೆನ್ನಾಗಿ ಹರಡಿತ್ತು, ಎಡಗಡೆ ಮಾತ್ರ ನಳಿಕೆಯ ಗುಂಟ ಮೇಲಕ್ಕೆ ಉಕ್ಕಿ ಸೋರಿಹೋಗಿತ್ತು. ತಿಂಗಳ ನಂತರ ಮಿದುಳು ಅಕ್ಕನ ಮೇಜಿಗೆ ಬಂತು. ಏನಾದರೂ ತಪ್ಪು ಸಿಗಲಪ್ಪಾ ಎಂದುಕೊಂಡೇ ಅವಳು ಅಲಗು ಮುಟ್ಟಿದಳು. ಸಾಮಾನ್ಯವಾಗಿ ಒಂದು ವಾರ ತೆಗೆದುಕೊಳ್ಳುವ ಕೆಲಸವನ್ನು ಮೂರೇ ದಿನದಲ್ಲಿ ಮುಗಿಸಿದಳು.

ಸಿಕ್ಕಿತು. ಹೋಳುಗಳಲ್ಲಿ ಎಡಗಡೆ ಹಸಿರು ತುಂಬಿ ತುಳುಕುತ್ತಿತ್ತು, ಬಲಗಡೆ ಅಲ್ಲೊಂದು ಇಲ್ಲೊಂದು. ಸ್ಕ್ಯಾನ್ ಹೇಳಿದ್ದಕ್ಕೆ ತೀರಾ ತದ್ವಿರುದ್ಧ.

ತಂಗಿಗೆ ಮೊದಲೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸೋಮವಾರದ ಸಭೆಯ ತನಕ ಬಾಯಿಗೆ ಬೀಗ ಹಾಕಿಕೊಂಡಿದ್ದು, ಎಲ್ಲರೆದುರು ಪರದೆಯ ಮೇಲೆ ಹೋಳುಗಳನ್ನು ಒಂದೊಂದಾಗಿ ತೋರಿಸಿದಳು.

“ಸ್ಕ್ಯಾನಿನಲ್ಲಿ ಬೆಳಕು ಕಂಡಲ್ಲಿ ಹಸಿರು ಕೋಶ ಇಲ್ಲ, ಹಸಿರು ಇದ್ದಲ್ಲಿ ಬೆಳಕಿಲ್ಲ. ಚಿತ್ರ ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ,” ಎಂದಳು.

ಯಾರೋ ಕಿಸಕ್ಕೆಂದರು. ತಂಗಿಯ ಕಿವಿ ಕೆಂಪಾದವು. “ಅಕ್ಕನ ಹೋಳು ಸುಳ್ಳು ಹೇಳಲ್ಲ. ನಾನೇ ಎಲ್ಲೋ ಎಡವಿದೀನಿ,” ಎಂದಳು. ಮುಖ್ಯಸ್ಥರು ಸ್ಕ್ಯಾನಿನ ಕೆಲಸ ನಿಲ್ಲಿಸಿದರು. ಮಕ್ಕಳ ಮೇಲಿನ ಪ್ರಯೋಗಕ್ಕೆ ಬರೆಯಬೇಕಿದ್ದ ಅರ್ಜಿಯೂ ಮುಂದಕ್ಕೆ ಹೋಯಿತು.

ಮುಂದಿನ ಹತ್ತು ದಿನ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಒಂದು ಬೆಳಿಗ್ಗೆ ತಂಗಿಯೇ ಅವಳ ಕೋಣೆಗೆ ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಣ್ಣು ಊದಿಕೊಂಡಿತ್ತು.

“ನಂಗೂ ಹೋಳು ನೋಡೋದು ಹೇಳಿಕೊಡ್ತೀಯಾ? ಸ್ಕ್ಯಾನ್ ಲೆಕ್ಕ ಎಲ್ಲ ಮೂರು ಸಲ ಬಿಚ್ಚಿ ನೋಡಿದೆ. ತಪ್ಪೇ ಸಿಗ್ತಿಲ್ಲ ಕಣೇ.”

ಅಕ್ಕ ಹೇಳಿಕೊಟ್ಟಳು. ತಂಗಿಯ ಕುಂಚದಿಂದ ಹೋಳು ಜಾರಿ ಜಾರಿ ಹೋಗುವುದನ್ನು ನೋಡಿ ಅವಳಿಗೆ ಕರುಣೆಗಿಂತ ಸುಖವೇ ಹೆಚ್ಚಾಯಿತು. ಒಳಗೊಳಗೇ ನಾಚಿಕೆಯೂ ಆಯಿತು.

ಮಾರನೆಯ ಮಧ್ಯಾಹ್ನ ಅಕ್ಕ ವರದಿಗೆ ಚಿತ್ರ ಜೋಡಿಸುತ್ತಿದ್ದಳು. ಹೋಳು ಮಾಡುವ ಮೊದಲು ಪ್ರತಿ ಮಿದುಳಿನ ಒಂದು ಫೋಟೊ ತೆಗೆಯುವುದು ವಾಡಿಕೆ. ಎಡಗಡೆಗೆ ಸಣ್ಣದೊಂದು ಕಚ್ಚು ಹಾಕಿ ಗುರುತು ಮಾಡುವುದೂ ವಾಡಿಕೆಯೇ. ನೀರಿನಲ್ಲಿ ತೇಲುವ ಹೋಳಿಗೆ ಎಡ ಯಾವುದು ಬಲ ಯಾವುದು ಎಂದು ಹೇಳುವುದು ಆ ಕಚ್ಚೊಂದೇ. ಫೋಟೊದಲ್ಲಿ ಕಚ್ಚು ಎಡಕ್ಕೇ ಇತ್ತು. ಆದರೆ ಮಿದುಳು ಬೋರಲಾಗಿರಲಿಲ್ಲ, ಅಂಗಾತ ಬಿದ್ದಿತ್ತು. ಅಡಿಭಾಗದ ನರಗಳ ಬುಡ ಮೇಲೆ ಕಾಣುತ್ತಿದ್ದವು. ಅವಸರದಲ್ಲಿ ತನ್ನ ಎಡಗೈ ಕಡೆಗೆ ಕಚ್ಚು ಹಾಕಿದ್ದಳು. ಅದು ಕುರಿಯ ಬಲ.

ಹಾಗಾದರೆ ಎಲ್ಲವೂ ತಿರುಗುಮುರುಗು. ತಂಗಿಯ ಚಿತ್ರ ಸರಿಯಾಗಿಯೇ ಇತ್ತು.

ಅಕ್ಕ ಫೋಟೊ ಮುಚ್ಚಿದಳು. ಮತ್ತೆ ತೆರೆದಳು. ಅಳಿಸಿಹಾಕಿದರೆ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಒಂದಿಡೀ ದಿನ ಆ ಯೋಚನೆಯನ್ನು ಹೊತ್ತುಕೊಂಡೇ ಓಡಾಡಿದಳು. ನಡಿಗೆ ಮರೆಯುವ ಮಕ್ಕಳ ನೆನಪಾಯಿತು ಎಂದರೆ ಸುಳ್ಳಾದೀತು. ನೆನಪಾದದ್ದು “ಅಕ್ಕನ ಹೋಳು ಸುಳ್ಳು ಹೇಳಲ್ಲ” ಎಂಬ ಮಾತು. ಎಲ್ಲರೆದುರು ಅವಮಾನವಾದ ಗಳಿಗೆಯಲ್ಲೂ ತಂಗಿಯ ಬಾಯಿಂದ ಬಂದದ್ದು ಅದೇ.

ಮರುದಿನ ತಂಗಿಯ ಮೇಜಿನ ಮೇಲೆ ಫೋಟೊ ಇಟ್ಟು, “ಕಚ್ಚು ತಪ್ಪಾಗಿದೆ. ತಪ್ಪು ನಂದು, ನಿಂದಲ್ಲ,” ಎಂದಳು.

ತಂಗಿ ಫೋಟೊ ಎತ್ತಿಕೊಂಡು ಕಚ್ಚಿನ ಮೇಲೆ ಬೆರಳಿಟ್ಟಳು. “ಸದ್ಯ,” ಎಂದು ಉಸಿರುಬಿಟ್ಟಳು. ಆಮೇಲೆ ಮುಖ ಗಂಟಿಕ್ಕಿತು.

“ತಪ್ಪು ಯಾರಿಗಾದ್ರೂ ಆಗುತ್ತೆ ಬಿಡು. ಆದ್ರೆ ಅವತ್ತು ಸಭೇಲಿ ನಿನ್ನ ಮುಖದಲ್ಲಿ ಅಷ್ಟೊಂದು ಖುಷಿ ಇತ್ತಲ್ಲ ಅಕ್ಕ. ನನ್ನ ಮದುವೇಲೂ ಅಷ್ಟು ಖುಷಿ ನೋಡಿರ್ಲಿಲ್ಲ.”

ಸೋಮವಾರ ಅಕ್ಕ ಸಭೆಯಲ್ಲಿ ಎದ್ದು ನಿಂತು, ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದಳು. ಮುಖ್ಯಸ್ಥರು ಬೈಯಲಿಲ್ಲ. ಕನ್ನಡಕ ಒರೆಸುತ್ತಾ ಕೂತರು, ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ತಂಗಿ ಎರಡು ಭಾನುವಾರ ಮನೆಗೆ ಬರಲಿಲ್ಲ. ಮೂರನೆಯ ಸಲ ಬಂದಾಗ ಅಮ್ಮನ ಜೊತೆ ಮಾತ್ರ ಮಾತಾಡಿ ಹೋದಳು.

ಸ್ಕ್ಯಾನ್ ಮತ್ತೆ ಶುರುವಾಗಿ, ಎರಡನೆಯ ಕುರಿಯ ಹೊತ್ತಿಗೆ ಕೆಲಸವೇ ಇಬ್ಬರನ್ನೂ ಮಾತಾಡಿಸಿತು. ಸ್ಕ್ಯಾನೂ ಹೋಳೂ ಈ ಸಲ ಹೊಂದಿಕೊಂಡವು. ಜೊತೆಗೆ, ಮಿದುಳಿನ ದೂರದ ಒಂದು ಮಡಿಕೆಯಲ್ಲಿ ಅಕ್ಕನಿಗೆ ಹಸಿರು ಕೋಶಗಳ ಸಣ್ಣ ಗುಂಪು ಸಿಕ್ಕಿತು. ಸ್ಕ್ಯಾನಿನ ಬೆಳಕು ಎರಡೇ ದಿನಕ್ಕೆ ಆರುತ್ತದೆ. ವೈರಸ್ಸು ಆಮೇಲೆ ನರದ ಎಳೆ ಹಿಡಿದು ಅಷ್ಟು ದೂರ ಹೋಗಿತ್ತು. ಅದನ್ನು ಮೊದಲು ತಂಗಿಗೇ ಕರೆದು ತೋರಿಸಿದಳು. “ಎಲ್ಲಿ, ಸರಿ ಆಚೆ!” ಎಂದು ತಂಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿದವಳು ಅರ್ಧ ಗಂಟೆ ಏಳಲಿಲ್ಲ.

ಕೆಲಸವನ್ನು ವಿದೇಶದ ಸಮ್ಮೇಳನದಲ್ಲಿ ಹೇಳಲು ಕರೆ ಬಂದದ್ದು ಮಾತ್ರ ತಂಗಿಗೆ. ವಿಮಾನ ನಿಲ್ದಾಣಕ್ಕೆ ಬಿಡಲು ಅಕ್ಕನೇ ಹೋದಳು. ಕಾರಿನಿಂದ ಸಾಮಾನು ಇಳಿಸುತ್ತಾ ತಡೆಯಲಾರದೆ ಹೇಳಿಬಿಟ್ಟಳು: “ನಂಗಿನ್ನೂ ಹೊಟ್ಟೆ ಉರೀತಿದೆ ಕಣೇ.”

“ಗೊತ್ತು ಬಿಡೇ. ಆ ಪೆಟ್ಟಿಗೆ ಮೆಲ್ಲಗೆ ಇಳಿಸು, ಅದರ ಗಾಲಿ ಮುರಿದಿದೆ,” ಎಂದಳು ತಂಗಿ.

ಅಕ್ಕ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿದಳು.