ಬಿಚ್ಚಿಟ್ಟ ಪ್ಲೇಟು

ಮೆಕ್ಯಾನಿಕ್ ವಿಶ್ವಾರಾಧ್ಯ ಬೈಕಿನಿಂದ ಇಳಿಯುವ ಮೊದಲೇ ಬೈಯಲು ಶುರುಮಾಡಿದ್ದ.

ಪಂಚನಹಳ್ಳಿ ರಸ್ತೆಯ ಮಗ್ಗುಲಲ್ಲಿ ಈರಭದ್ರಪ್ಪನ ಬಾಡಿಗೆ ಕಾರು ಬಾನೆಟ್ಟು ಕರಕಲಾಗಿ ನಿಂತಿತ್ತು. ಯಾರೋ ಪುಣ್ಯಾತ್ಮರು ಕೊಡಗಟ್ಟಲೆ ನೀರು ಸುರಿದು ಬೆಂಕಿ ಆರಿಸಿದ್ದರು. ಸುಟ್ಟ ರಬ್ಬರಿನ ನಾತ ಇನ್ನೂ ಏಳುತ್ತಿತ್ತು. ಒಳಗಿದ್ದವರು ಎದ್ದೆನೋ ಬಿದ್ದೆನೋ ಎಂದು ಇಳಿದು ಬಚಾವಾಗಿದ್ದರು. ಈರಭದ್ರಪ್ಪ ತಲೆಯ ಮೇಲೆ ಟವೆಲು ಎಳೆದುಕೊಂಡು ಮೋರಿಯ ಕಟ್ಟೆ ಮೇಲೆ ಕೂತಿದ್ದ. ಅವನೆದುರು, ರಸ್ತೆಗೆ ಹಾಸಿದ ಹುರುಳಿ ಗಿಡಗಳ ನಡುವೆ, ಕವೆಗೋಲು ಹಿಡಿದು ಓಬಮ್ಮ ನಿಂತಿದ್ದಳು.

ಸುಗ್ಗಿ ಬಂತೆಂದರೆ ಆ ಕಡೆ ಕಣ ಮಾಡುವವರು ಕಮ್ಮಿ. ಒಣಗಿದ ಹುರುಳಿ ಗಿಡ ತಂದು ಟಾರಿನ ಮೇಲೆ ಹರಡಿದರೆ ಸಾಕು, ಬಸ್ಸು, ಲಾರಿ, ಕಾರುಗಳೇ ತುಳಿದು ಕಾಳು ಬಿಡಿಸುತ್ತವೆ. ಡ್ರೈವರುಗಳು ಗೊಣಗುತ್ತಲೇ ಹತ್ತಿಸಿಕೊಂಡು ಹೋಗುತ್ತಾರೆ. ಅವರ ಮನೆಯಲ್ಲೂ ಹುರುಳಿ ಸಾರು ಕುದಿಯಬೇಕಲ್ಲ.

"ರಸ್ತೆ ಏನು ನಿಮ್ಮಪ್ಪನ ಕಣಾನಾ?" ವಿಶ್ವಾರಾಧ್ಯ ಓಬಮ್ಮನ ಮುಖದ ಮುಂದೆಯೇ ಕೈ ಆಡಿಸಿದ. "ಕಾರಲ್ಲಿದ್ದೋರು ಸುಟ್ಟೋಗಿದ್ರೆ ನೀನು ಬದುಕಿಸ್ತಿದ್ದಾ?"

"ಊರೋರೆಲ್ಲ ಹಾಕವ್ರೆ ಕಣಪ್ಪ. ನಾನೊಬ್ಳೇನಾ?"

"ಊರೋರ ವಿಷ್ಯ ಬೇಡ. ನಿಮ್ ಜನಕ್ಕೆ ಟಾರ್ ರಸ್ತೆ ಮಾಡ್ಕೊಟ್ಟಿದ್ದೇ ತಪ್ಪು!"

ಸುತ್ತ ನಿಂತವರ ಗುಜುಗುಜು ನಿಂತುಹೋಯಿತು. ಓಬಮ್ಮ ಕವೆಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು, ಅಷ್ಟೆ. ‘ನಿಮ್ ಜನ’ ಅನ್ನುವ ಆ ಮಾತು ತನ್ನ ಬಾಯಲ್ಲಿ ಯಾವಾಗಿನಿಂದ ಮನೆಮಾಡಿಕೊಂಡಿತ್ತೋ ವಿಶ್ವಾರಾಧ್ಯನಿಗೇ ಗೊತ್ತಿರಲಿಲ್ಲ. ಎಲ್ಲರ ಕಣ್ಣು ತಪ್ಪಿಸಲು ಅವನು ಮಂಡಿಯೂರಿ ಕಾರಿನ ತಳಕ್ಕೆ ಬಗ್ಗಿದ.

ಇಂಜಿನ್ನಿನ ತಳ ಬಟಾಬಯಲಾಗಿತ್ತು. ಅರೆಬೆಂದ ಹುರುಳಿ ಬಳ್ಳಿ ಗುಬ್ಬಚ್ಚಿ ಗೂಡಿನ ಹಾಗೆ ಸೈಲೆನ್ಸರ್ ಪೈಪಿನ ಸುತ್ತ ಹೆಣೆದುಕೊಂಡು ಮೇಲಿನವರೆಗೂ ತುಂಬಿಕೊಂಡಿತ್ತು. ಅಲ್ಲಿ ಇರಬೇಕಾದ ದಪ್ಪ ಪ್ಲಾಸ್ಟಿಕ್ ಪ್ಲೇಟು ಕಡೂರಿನ ಅವನ ಗ್ಯಾರೇಜಿನಲ್ಲಿ, ಹಳೇ ಟೈರುಗಳ ಹಿಂದೆ ಇತ್ತು. ಬಿಚ್ಚಿದವನು ಅವನೇ.

ಈರಭದ್ರಪ್ಪ ಅಮೃತಾಪುರ, ಲಕ್ಕವಳ್ಳಿ ಅಂತ ದಿನಾ ಬಾಡಿಗೆ ಹೊಡೆಯುವವನು. ಮಳೆಗಾಲ ಕಳೆದ ಮೇಲೆ ಗ್ಯಾರೇಜಿಗೆ ಬಂದು, "ಏಸಿ ಹಾಕಿದ್ರೆ ಗಾಡಿ ಎಳೆಯಲ್ಲ ಕಣೋ. ಬಾನೆಟ್ ಮುಟ್ಟಿದ್ರೆ ರೊಟ್ಟಿ ಬೇಯ್ತದೆ," ಎಂದಿದ್ದ. ವಿಶ್ವಾರಾಧ್ಯ ಬಾನೆಟ್ಟು ಎತ್ತಿದವನೇ ಗಾಡಿಯ ರೋಗ ಪತ್ತೆಹಚ್ಚಿದ್ದ. ಏರ್ ಫಿಲ್ಟರಿನ ಬಾಯಿ ರೇಡಿಯೇಟರಿನ ಹಿಂದೆ ಇತ್ತು. ಇಂಜಿನ್ನು ತನ್ನದೇ ಬಿಸಿ ಉಸಿರನ್ನು ತಾನೇ ಎಳೆದುಕೊಳ್ಳುತ್ತಿತ್ತು. ಮುಂದಿನ ಜಾಲರಿಯ ಹತ್ತಿರದಿಂದ ಒಂದು ಪೈಪು ಎಳೆದು ಫಿಲ್ಟರಿಗೆ ತಣ್ಣನೆ ಗಾಳಿ ಕೊಟ್ಟ. ಅಲ್ಲಿಗೆ ಕೈತೊಳೆದಿದ್ದರೆ ಆಗುತ್ತಿತ್ತು. ಒಳಗಿನ ಬಿಸಿಯೂ ಕೆಳಗಿಂದ ಹೊರಟುಹೋಗಲಿ ಅಂತ ತಳದ ಪ್ಲೇಟನ್ನೂ ಬಿಚ್ಚಿಬಿಟ್ಟ. ಮಾರನೇ ದಿನ ಈರಭದ್ರಪ್ಪ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೆನ್ನು ತಟ್ಟಿ, "ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ರೇನಂತೆ, ನಮ್ಮುಡುಗನ ತಲೆ ನೋಡ್ರಲೇ!" ಎಂದಾಗ ಅವನ ಎದೆ ಎರಡು ಗೇಣು ಉಬ್ಬಿತ್ತು. ಪೈಪಿನ ವಿಷಯ ಹೇಳಿದ್ದ. ಪ್ಲೇಟಿನ ವಿಷಯ ಹೇಳಿರಲಿಲ್ಲ.

ಹುರುಳಿ ಕಾಲಕ್ಕೆ ತಳ ತೆರೆದಿಡಬಾರದು ಅಂತ ಕಡೂರಿನ ಯಾವ ಮೆಕ್ಯಾನಿಕ್ಕಿಗೆ ಗೊತ್ತಿಲ್ಲ? ಚಕ್ರದ ಅಚ್ಚಿಗೆ ಸುತ್ತಿಕೊಂಡ ಬಳ್ಳಿಯನ್ನು ಅವನೇ ಎಷ್ಟು ಗಾಡಿಗಳಿಂದ ಕೊಯ್ದು ತೆಗೆದಿಲ್ಲ? ಸುಗ್ಗಿಗೆ ಮುಂಚೆ ವಾಪಸ್ ಹಾಕಬೇಕು ಅಂತಲೂ ಅಂದುಕೊಂಡಿದ್ದ. ಆದರೆ ಹಾಕಿದರೆ ಮತ್ತೆ ಬಿಸಿಯಾಗಿ, ಹೊಗಳಿದ ಬಾಯೇ ಬೈದೀತು ಅಂತ ಇವತ್ತು ನಾಳೆ ಅಂತ ದೂಡಿದ್ದ.

"ಏನಾಗೈತೋ?" ಈರಭದ್ರಪ್ಪ ಕೇಳಿದ.

"ಹುಲ್ಲು ಹಿಡ್ಕಂಡೈತಣ್ಣ," ಎಂದ ವಿಶ್ವಾರಾಧ್ಯ, ಮುಖ ಎತ್ತದೆ.

"ಕೇಳ್ದೇನಮ್ಮ?" ಈರಭದ್ರಪ್ಪ ಓಬಮ್ಮನ ಕಡೆ ತಿರುಗಿದ. "ನಾಳೆ ಬೆಳಿಗ್ಗೆ ಠಾಣೆ ಹತ್ರ ಬಾ. ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ."

ಆ ಸಂಜೆ ವಿಶ್ವಾರಾಧ್ಯ ಯಾವ ಗಾಡಿಗೂ ಕೈಹಾಕಲಿಲ್ಲ. ಸ್ಪ್ಯಾನರ್ ಕೇಳಿದ ಪಕ್ಕದ ಅಂಗಡಿಯವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದ. ಪ್ಲೇಟನ್ನು ಕತ್ತರಿಸಿ ಗುಜರಿಗೆ ಎಸೆದರೆ ಕತೆ ಮುಗಿಯಿತು ಅಂದುಕೊಂಡು ಗರಗಸ ಕೈಗೆ ತೆಗೆದುಕೊಂಡ. ಅದರ ಹಲ್ಲು ಪ್ಲೇಟಿಗೆ ತಾಗಿಸಿದ. ಓಬಮ್ಮ ಕೋಲು ಕೈ ಬದಲಿಸಿದ್ದು ಕಣ್ಣಿಗೆ ಕಟ್ಟಿತು. ಅವಳು ತಿರುಗಿ ಬೈದಿದ್ದರೆ ಇಷ್ಟೊತ್ತಿಗೆ ಅವನು ಗರಗಸ ಎಳೆದೇ ಬಿಡುತ್ತಿದ್ದನೇನೋ.

ಬೆಳಿಗ್ಗೆ ಪ್ಲೇಟನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೊರಟ. ಠಾಣೆ ಎದುರಿನ ಟೀ ಅಂಗಡಿಯಲ್ಲಿ ಈರಭದ್ರಪ್ಪ ಒಬ್ಬನೇ ಕೂತಿದ್ದ. ವಿಶ್ವಾರಾಧ್ಯ ಎಲ್ಲ ಹೇಳಿದ. ಈರಭದ್ರಪ್ಪನ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು.

"ನನ್ ಮನೆ ಹಾಳ್ ಮಾಡ್ದಲ್ಲೋ ಲೇ," ಎಂದ. ಸುತ್ತ ನೋಡಿ ದನಿ ತಗ್ಗಿಸಿದ. "ಆಯ್ತು. ಬಾಯ್ ಮುಚ್ಕಂಡಿರು. ಇನ್ಶೂರೆನ್ಸಿನೋರು ಗಾಡಿ ಬಿಚ್ಚಿ ಕಟ್ಟಿದ್ರಾ ಅಂತ ಕೇಳ್ತಾರೆ, ಹೂಂ ಅಂದ್ರೆ ದುಡ್ಡು ಕೊಡಲ್ಲ. ಹುಲ್ಲಿಂದಾನೇ ಆಯ್ತು ಅನ್ನು. ಸುಳ್ಳೇನಲ್ವಲ್ಲ?"

"ಆಯಮ್ಮನ್ ಮೇಲೆ ಕೇಸ್ ಬೀಳ್ತದಲ್ಲಣ್ಣ."

"ಬೀಳ್ಲಿ ಬಿಡು. ಅವಳು ಹಾಕಿದ್ದು ಹೌದೋ ಅಲ್ವೋ? ನಿನ್ನೆ ನೀನೇ ಅಷ್ಟ್ ಬೈದೆ. ಈಗ ಬುದ್ಧ ಆಗಿಬಿಟ್ಯಾ?"

ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು. ಠಾಣೆಯ ಹೊಂಗೆ ಮರದ ಕೆಳಗೆ ಓಬಮ್ಮ ಸೆರಗು ಹೊದ್ದು ಕೂತಿದ್ದಳು. ವಿಶ್ವಾರಾಧ್ಯ ಪ್ಲೇಟು ಎತ್ತಿಕೊಂಡು ರಸ್ತೆ ದಾಟಿ ಅವಳ ಮುಂದೆ ಇಟ್ಟ.

"ಇದು ಗಾಡಿ ತಳದಲ್ಲಿದ್ದಿದ್ರೆ ನಿನ್ ಹುರುಳಿ ಮೇಲೆ ಹತ್ತಿದ್ರೂ ಬೆಂಕಿ ಬತ್ತಿರ್ಲಿಲ್ಲ. ಬಿಚ್ಚಿಟ್ಟೋನು ನಾನು. ಒಳಗೆ ಕೇಳಿದ್ರೂ ಇದನ್ನೇ ಹೇಳ್ತೀನಿ."

ಹಿಂದೆಯೇ ಬಂದ ಈರಭದ್ರಪ್ಪ ಅವನ ಕಾಲರು ಹಿಡಿದ. ಕಾಲರು ಕೈಯಲ್ಲೇ ಇತ್ತು, ಹುಡುಗ ಮಿಸುಕಲಿಲ್ಲ. "ನನ್ ಗಾಡಿ ನೀನೇ ಎಬ್ಬಿಸ್ಕೊಡ್ಬೇಕು ತಿಳ್ಕ. ಸ್ಟ್ಯಾಂಡಿನ ಒಂದ್ ಗಾಡೀನೂ ಇನ್ನು ನಿನ್ ಹತ್ರ ಬರಲ್ಲ," ಎಂದು ತಳ್ಳಿ, ಠಾಣೆಯ ಮೆಟ್ಟಿಲು ಹತ್ತದೆಯೇ ಹೊರಟುಹೋದ.

ವಿಶ್ವಾರಾಧ್ಯನಿಗೆ ಹೊರೆ ಇಳಿಯಿತು ಅನಿಸಬೇಕಿತ್ತು. ಅನಿಸಲಿಲ್ಲ. ಓಬಮ್ಮ ಪ್ಲೇಟನ್ನು ಮುಟ್ಟಲೂ ಇಲ್ಲ.

"ಬೆಂಕಿ ಯಾರ್ದು ಅಂತ ಹೇಳ್ದೆ. ಒಳ್ಳೇದಾಯ್ತು," ಎಂದಳು. "ನಿನ್ನೆ ‘ನಿಮ್ ಜನ’ ಅಂತ ಅಂದ್ಯಲ್ಲ, ಆ ಮಾತು ಯಾರ್ದು?"

"ನಂದೇ ಕಣಮ್ಮ. ತಪ್ಪಾಯ್ತು."

"ಅಷ್ಟ್ ಜನದ ಮುಂದೆ ಅಂದೆ. ಇಲ್ಲಿ ಕೇಳೋಕೆ ಯಾರವ್ರೆ?" ಅವಳು ಮಂಡಿ ಹಿಡಿದು ಎದ್ದಳು. "ಬಸ್ ಬತ್ತೈತೆ. ಹೋಯ್ತೀನಿ."

ಅವನು ಬಸ್ಸಿನ ಹಿಂದೆಯೇ ಹೋದ. ಎದುರಿಗಿರುವ ಗಾಡಿಗಳನ್ನೆಲ್ಲ ಹಿಂದೆ ಹಾಕುವ ಚಟದವನು ಅವತ್ತು ದಾರಿಯುದ್ದಕ್ಕೂ ಅದರ ಹೊಗೆ, ಹೊಟ್ಟಿನ ಧೂಳು ಕುಡಿಯುತ್ತ ಹಿಂದೆಯೇ ಉಳಿದ. ಮೋರಿಯ ಹತ್ತಿರ ನಿನ್ನೆಯವರೇ ಹುರುಳಿ ತಿರುವಿ ಹಾಕುತ್ತಿದ್ದರು.

"ಏನಪ್ಪಾ, ಇವತ್ತು ಯಾರಿಗೆ ಬೈಯಕ್ಕೆ ಬಂದೆ?" ಎಂದ ಒಬ್ಬ. ನಾಲ್ಕು ಜನ ನಕ್ಕರು. ಬಸ್ಸಿಳಿದ ಓಬಮ್ಮ ಕವೆಗೋಲು ಎತ್ತಿಕೊಂಡು ತನ್ನ ಹುರುಳಿಯ ಮೇಲೆ ನಿಂತಳು. ನಗು ನಿಂತಿತು.

ವಿಶ್ವಾರಾಧ್ಯ ಬೈಕು ಆಫ್ ಮಾಡಿದ. "ಬೆಂಕಿ ನನ್ನಿಂದ ಆಗಿದ್ದು. ಈ ಅಮ್ಮಂಗೆ ನಿನ್ನೆ ನಾನು ಅನ್ನಬಾರದ್ದು..." ಎಂದ. ಕಡೆಯ ಮಾತು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳಪ್ಪಾ," ಹಿಂದಿನಿಂದ ಯಾರೋ ಕೂಗಿದರು. "ನಿನ್ನೆ ಚೆನ್ನಾಗಿ ಕೇಳಿಸ್ತಿತ್ತು."