ಗುಲಾಬಿ ಮುಚ್ಚಳದ ಮುಲಾಮು

ಲಕ್ಷ್ಮೀದೇವಿ ಎಂಬ ಹುಡುಗಿಯ ಮುಖಕ್ಕೆ ಒಂದು ಮುಲಾಮು ಹಚ್ಚಿಸಿದರು. ಅದರೊಳಗೆ ಏನಿದೆ ಎಂದು ಅವಳಿಗೆ ಹೇಳಲಿಲ್ಲ. ಅವಳ ಎರಡೂ ಕೆನ್ನೆಗಳ ಚರ್ಮ ಸುಟ್ಟಿತು. ಮುಲಾಮು ಕೊಟ್ಟ ಹೆಂಗಸು ಇಂದಿಗೂ ಅದನ್ನೇ ಮಾರುತ್ತಿದ್ದಾಳೆ.

ಇದು ನಡೆದದ್ದು ಹಳಿಯಾಳ ತಾಲೂಕಿನ ಒಂದು ಊರಿನಲ್ಲಿ, ಸ್ತ್ರೀಶಕ್ತಿ ಸಂಘಗಳು ಊರೂರಿಗೆ ಬಂದ ಹೊಸತರಲ್ಲಿ. ಹೆಂಗಸರು ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಸೇರುತ್ತಿದ್ದರು. ಹೆಂಗಸರು ಎಲ್ಲಿ ಸೇರುತ್ತಾರೋ ಅಲ್ಲಿಗೆ ಮಾರುವವರೂ ಬರುತ್ತಾರೆ. ಒಂದು ದಿನ ಹಳಿಯಾಳ ಪೇಟೆಯಿಂದ ಮಂದಾಕಿನಿ ಬಂದಳು, ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು.

ಅವಳು ಪರಕೀಯಳಲ್ಲ. ಲಕ್ಷ್ಮೀದೇವಿಗೆ ಗೊತ್ತುಮಾಡಿದ್ದ ಹುಡುಗ ಶರಣಬಸವನ ಸೋದರತ್ತೆ. ಮಾತುಕತೆ ಮುಗಿದಿತ್ತು, ನಿಶ್ಚಯ ಆಗುವುದೊಂದು ಉಳಿದಿತ್ತು. ಹೀಗಾಗಿ ಲಕ್ಷ್ಮೀದೇವಿಯ ತಾಯಿ ಹೊಳೆವ್ವ ತಾನೇ ಎದ್ದು ಚಾಪೆ ಹಾಸಿ ಅವಳನ್ನು ಕೂರಿಸಿದಳು.

ಮಂದಾಕಿನಿ ಚೀಲ ಬಿಚ್ಚಿದಳು. ಗುಲಾಬಿ ಮುಚ್ಚಳದ ಡಬ್ಬಿ, ಮಲಗುವಾಗ ಹಚ್ಚಲು. ಹಳದಿ ಮುಚ್ಚಳದ ಡಬ್ಬಿ, ಬಿಸಿಲಿಗೆ ಹೋಗುವಾಗ ಹಚ್ಚಲು. ಜೊತೆಗೆ ಕೆಂಪು ಲಿಪ್‌ಸ್ಟಿಕ್. ಡಬ್ಬಿಯ ಮೇಲೆ ಒಂದು ಹಸಿರು ಎಲೆಯ ಚಿತ್ರ. ಬೇರೆ ಒಂದಕ್ಷರವೂ ಇಲ್ಲ.

“ಇದು ಕಂಪನಿ ಮಾಲ್ ಅಲ್ರವಾ. ಉಳವಿ ಕಡೆ ಕಾಡಿನ ಬೇರು ತಂದು, ಅರದು ಮಾಡಿದ್ದು. ಕೆಮಿಕಲ್ ಅನ್ನೂದು ಎಳ್ಳಷ್ಟೂ ಇಲ್ಲ,” ಅಂದಳು ಮಂದಾಕಿನಿ.

ಉಳವಿ ಅಂದರೆ ಆ ಮನೆಗಳಲ್ಲಿ ಕೈ ತಾನಾಗಿ ಹಣೆಗೆ ಹೋಗುತ್ತದೆ. ವರ್ಷವರ್ಷ ಚಕ್ಕಡಿ ಕಟ್ಟಿಕೊಂಡು ಚನ್ನಬಸವಣ್ಣನ ಗುಡಿಗೆ ನಡೆದವರು ಅವರು. ಆ ಕಾಡಿನಿಂದ ಬಂದದ್ದು ಕೆಟ್ಟದ್ದಾದೀತೆ? ಸಂತೆಯಲ್ಲಿ ಬದನೆಕಾಯಿಯನ್ನು ತಿರುವಿ ತಿರುವಿ ನೋಡಿ ಕೊಳ್ಳುವ ಹೆಂಗಸರು, ಮುಖಕ್ಕೆ ಹಚ್ಚುವ ಮುಲಾಮನ್ನು ತಿರುವಿಯೂ ನೋಡಲಿಲ್ಲ. ಮಾರುವವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಆ ಹೆಸರು ಹೇಳಿದ್ದಳು.

“ಲಿಪ್‌ಸ್ಟಿಕ್ಕೂ ಬೀಟ್‌ರೂಟದ್ದ ಐತಿ ನೋಡ್ರಿ,” ಅಂದಳು.

“ಹಂಗಾರ ಉಳಿದದ್ದು ಪಲ್ಯಾ ಮಾಡಾಕ ಬರ್ತೈತೇನು?” ಅಂದಳು ಎಲ್ಲರಿಗಿಂತ ಹಿರಿಯಳಾದ ನೀಲಕ್ಕ. ತುಟಿಗೆ ಬಳಿದುಕೊಂಡು ಎಲ್ಲರ ಕಡೆ ತಿರುಗಿದಳು. “ನನ್ನ ಗಂಡ ಇನ್ನ ಗುರುತ ಹಿಡಿಯಾಂಗಿಲ್ಲ ಬೇ.”

“ಮೊದಲರ ಎಲ್ಲಿ ನೋಡ್ತಿದ್ದ ನಿನ್ನ ಮಾರಿ!” ಅಂದಳು ಪಕ್ಕದಾಕೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ನಗುವಿನ ನಡುವೆ ಮಂದಾಕಿನಿ ಲಕ್ಷ್ಮೀದೇವಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಮ್ಮೆ ಕೊಳ್ಳುವವರು ಹಲ್ಲು ನೋಡಲು ಹಿಡಿಯುತ್ತಾರಲ್ಲ, ಹಾಗೆ.

“ನೀ ಹಚ್ಕೊಳ್ಳಾಕ ಬೇಕವಾ. ನಮ್ಮ ಶರಣಬಸವಂದು ಅಂಬಿಕಾನಗರದಾಗ ಕರೆಂಟಿನ ಕಂಪನಿಯಾಗ ಕಾಯಂ ನೌಕರಿ. ಆ ಕಾಲನಿ ಹೆಂಗಸರನ್ನ ನೋಡೀ ಏನು? ಅವರ ನಡುವ ನೀ ಹಿಂಗ ನಿಂತ್ರ...”

ಮಾತನ್ನು ಅವಳು ಮುಗಿಸಲಿಲ್ಲ. ಮುಗಿಸಿದ್ದರೆ ಯಾರಾದರೂ ಉತ್ತರ ಕೊಡುತ್ತಿದ್ದರೋ ಏನೋ. ಹೊಳೆವ್ವ ಎರಡೂ ಬಣ್ಣದ ಮುಚ್ಚಳದ ಡಬ್ಬಿ ತೆಗೆದುಕೊಂಡಳು.

ಮನೆಗೆ ಬಂದು ಹೊಳೆವ್ವ ಮಗಳಿಗೆ ಒಂದೇ ಒಂದು ಎಚ್ಚರಿಕೆ ಹೇಳಿದಳು. “ಹಣಿಗೆ ಹಚ್ಚಬ್ಯಾಡ. ಇಬತ್ತಿ ಹಚ್ಚೂ ಜಾಗಾ ಅದು. ಅಲ್ಲಿ ಇಂಥಾ ಜಿಡ್ಡ ಹಚ್ಚಬಾರದು.” ಲಕ್ಷ್ಮೀದೇವಿ ಹಾಗೇ ಮಾಡಿದಳು. ಜಳಕ ಮಾಡಿ ಹಣೆಗೆ ಮೂರು ಬೆರಳ ವಿಭೂತಿ, ಉಳಿದ ಮುಖಕ್ಕೆಲ್ಲ ಮುಲಾಮು.

ಮೊದಮೊದಲು ಮುಖ ಬೆಳ್ಳಗಾಯಿತು, ಸುಳ್ಳಲ್ಲ. ಸುಳ್ಳು ಇದ್ದದ್ದು ಆ ಬಿಳುಪಿನ ಒಳಗೆ. ಓಣಿಯವರು ನಿಂತು ನೋಡಿದರು. ಹೊಳೆವ್ವ ಹಿಗ್ಗಿದಳು. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂತು. ಬಿಸಿಲಿಗೆ ಬಗ್ಗಿ ನಿಂತರೆ ಲಕ್ಷ್ಮೀದೇವಿಯ ಕೆನ್ನೆ ಮೆಣಸಿನಕಾಯಿ ತಿಕ್ಕಿದಂತೆ ಉರಿಯತೊಡಗಿತು. ಹಳದಿ ಮುಚ್ಚಳದ್ದನ್ನು ಇನ್ನಷ್ಟು ಬಳಿದಳು. ಉರಿ ಇನ್ನಷ್ಟು ಹೆಚ್ಚಿತು. ಮೊಡವೆ ಎದ್ದವು, ಕೆನ್ನೆಯ ಮೇಲೆ ಸಣ್ಣ ಕೂದಲು ಬಂದವು, ಚರ್ಮದಡಿಯ ನರದ ಎಳೆಗಳು ಕೆಂಪಗೆ ಕಾಣಿಸಿದವು.

ಒಂದು ಸಂಜೆ ಅವಳು ಎರಡೂ ಡಬ್ಬಿ ತೆರೆದು ಮೂಸಿದಳು. ಒಂದನ್ನು ಎಡಗೈಗೆ, ಇನ್ನೊಂದನ್ನು ಬಲಗೈಗೆ ತಿಕ್ಕಿ ನೋಡಿದಳು.

“ಅವ್ವಾ, ಎರಡೂ ಒಂದ ಐತಿ.”

“ಹೆಂಗ ಒಂದಾಗ್ತೈತಿ? ಮುಚ್ಚಳಾ ಬ್ಯಾರೆ ಬ್ಯಾರೆ ಐತೆಲ್ಲ!” ಅಂದಳು ಹೊಳೆವ್ವ.

ಮಂದಾಕಿನಿಗೆ ಹೇಳಿ ಕಳಿಸಿದರು. ಅವಳು ಬಂದು ಮುಖ ನೋಡಿ ತಲೆಯಾಡಿಸಿದಳು. “ಈಕಿ ಮೈಯಾಗಿನ ಹೊಲಸ ಹೊರಗ ಬರಾಕತ್ತೈತಿ. ಬರಲಿ ಬಿಡ್ರಿ. ಇನ್ನೂ ದಪ್ಪಗ ಹಚ್ಚರಿ.” ಮುಲಾಮು ಸುಟ್ಟರೂ ತಪ್ಪು ಹುಡುಗಿಯ ಮೈಯದೇ. ಮುಖ ಬೆಳ್ಳಗಾದರೆ ಮಾತ್ರ ಹೆಸರು ಮುಲಾಮಿಗೆ.

ಊರಿನ ಆರೋಗ್ಯ ಉಪಕೇಂದ್ರದಲ್ಲಿ ಆಗ ದ್ವಾರಕಾಬಾಯಿ ಎಂಬ ನರ್ಸ್ ಇದ್ದಳು, ಮುಂಡಗೋಡ ಕಡೆಯ ಲಂಬಾಣಿ ತಾಂಡಾದವಳು. ಕೂಸುಗಳಿಗೆ ಲಸಿಕೆ ಹಾಕಲು ಓಣಿಗೆ ಬಂದಾಗ ಲಕ್ಷ್ಮೀದೇವಿಯನ್ನು ಕಂಡು ಕಟ್ಟೆಯ ಮೇಲೆ ಕುಳಿತೇಬಿಟ್ಟಳು.

“ಹೊಳೆವ್ವಾರ, ಏನ್ ಹಚ್ಚೀರಿ ಈ ಹುಡುಗಿಗೆ?”

“ಏನಿಲ್ಲ ತಗೋರಿ, ಬಿಸಿಲಿಗಿ ಆಗೇತಿ.”

ಲಕ್ಷ್ಮೀದೇವಿ ಒಳಗೆ ಹೋಗಿ ಡಬ್ಬಿ ತಂದು ಕೈಗಿಟ್ಟಳು. ದ್ವಾರಕಾಬಾಯಿ ಅದನ್ನು ಮೇಲೆ ಕೆಳಗೆ ತಿರುವಿದಳು.

“ಯಾರು ಮಾಡಿದ್ದು? ಎಂದ ಮಾಡಿದ್ದು? ಒಳಗ ಏನ್ ಹಾಕ್ಯಾರ?”

“ಗಿಡಮೂಲಿಕೆ ಐತ್ರಿ,” ಅಂದಳು ಹೊಳೆವ್ವ. ಅವಳ ದನಿ ಗಟ್ಟಿಯಾಗಿತ್ತು. “ಉಳವಿ ಕಾಡಿಂದು. ಗಿಡದ್ದು ಏನ್ ಕೆಡಕ ಮಾಡ್ತೈತಿ?”

“ನಸಗುನ್ನಿ ಕಾಯೀನೂ ಗಿಡದ್ದ ಐತೆಲ್ರಿ. ಅದನ್ನ ಮಾರಿಗೆ ತಿಕ್ಕೋತೀರೇನು?”

ಮುಟ್ಟಿದರೆ ಮೈಯೆಲ್ಲ ಪರಪರ ಕೆರೆಯುವಂತೆ ಮಾಡುವ ಆ ಕಾಡುಕಾಯಿ ಊರಿನ ಪ್ರತಿ ಮನೆಗೂ ಗೊತ್ತು. ಲಕ್ಷ್ಮೀದೇವಿಗೆ ನಗು ಬಂತು. ನಕ್ಕರೆ ಕೆನ್ನೆ ಬಿರಿಯುತ್ತದೆಂದು ತಡೆದುಕೊಂಡಳು.

“ಹಂಗಾರ ಇದರಾಗ ಏನೈತಿ, ನೀವ ಹೇಳ್ರಿ,” ಎಂದು ಹೊಳೆವ್ವ ಸವಾಲು ಹಾಕಿದಳು.

“ನನಗ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಮಾರಿದಾಕಿಗೂ ಗೊತ್ತೈತೋ ಇಲ್ಲೋ. ಮತ್ತ ಯಾರ ಮ್ಯಾಲ ಭರೋಸಾ ಇಟ್ಟು ಹಚ್ಚಾಕತ್ತೀರಿ?”

ಹೊಳೆವ್ವ ಡಬ್ಬಿ ಕಸಿದುಕೊಂಡು ಒಳಗೆ ನಡೆದಳು. ನರ್ಸ್ ಓಣಿ ತಿರುಗುವ ಮೊದಲೇ ಗೊಣಗಿದಳು. “ತಾಂಡಾದಾಕಿ ನಮಗ ಬುದ್ಧಿ ಹೇಳ್ತಾಳ. ಸರಕಾರದ ಮುಲಾಮಿನ ಟ್ಯೂಬ್ ಖರ್ಚ ಮಾಡೂದೈತೇನೋ. ಸುಮ್ಮ ಸುಮ್ಮನ ಯಾರರ ಇಷ್ಟ ಹೇಳ್ತಾರೇನು?”

ನೋಡಿ ಇದನ್ನು. ಚೀಲ ಹೊತ್ತು ಮಾರಲು ಬಂದವಳ ಮೇಲೆ ಇಲ್ಲದ ಅನುಮಾನ, ಬರಿಗೈಯಲ್ಲಿ ಬಂದು ಎಚ್ಚರಿಸಿದವಳ ಮೇಲೆ. ಅನುಮಾನ ಕೆಟ್ಟದ್ದಲ್ಲ, ಅದು ಬಡವರ ಕಣ್ಣು. ಆದರೆ ಜಾತಿ ನೋಡಿ ಆ ಕಣ್ಣನ್ನು ತಿರುಗಿಸಿದರೆ ಲಾಭ ಯಾವಾಗಲೂ ಮಾರುವವರಿಗೇ.

ತಾಯಿಯ ಕಣ್ಣನ್ನು ಸರಿಯಾದ ಕಡೆ ತಿರುಗಿಸಿದವಳು ಲಕ್ಷ್ಮೀದೇವಿಯೇ. ಮರುದಿನ ಜಳಕ ಮಾಡಿ ಕನ್ನಡಿ ಮುಂದೆ ವಿಭೂತಿ ಹಚ್ಚಲು ನಿಂತವಳು ಹಾಗೇ ನಿಂತಳು.

“ಅವ್ವಾ, ಇಲ್ಲಿ ಬಾ. ನನ್ನ ಹಣಿ ನೋಡ.”

ಹಣೆ ಮೊದಲಿನಂತೆಯೇ ಇತ್ತು. ಒಂದು ಮೊಡವೆ ಇಲ್ಲ, ಕೆಂಪಿಲ್ಲ. ಹುಬ್ಬಿನ ಮೇಲೆ ನುಣುಪಾದ ಕಪ್ಪು ಚರ್ಮ, ಹುಬ್ಬಿನ ಕೆಳಗೆ ಸುಟ್ಟ ಮುಖ. ನಡುವೆ ಗೆರೆ ಕೊರೆದಂತೆ.

“ಬಿಸಿಲಿಗಿ ಆಗಿದ್ರ ಹಣಿಗೂ ಆಗಬೇಕಿತ್ತೆಲ್ಲವಾ. ಹಣಿಮ್ಯಾಲ ಬಿಸಿಲ ಬಿದ್ದಿಲ್ಲೇನು?”

ಹೊಳೆವ್ವ ಬಹಳ ಹೊತ್ತು ನೋಡಿದಳು. “ಅದು ಇಬತ್ತಿ ಶಕ್ತಿ. ದೇವರು ಕಾಯ್ದಾನ.”

“ಇರಲಿ. ಕಿವಿಗೆ ಯಾರ ಇಬತ್ತಿ ಹಚ್ಚಿದ್ರು? ಕಿವಿ ಸುಟ್ಟಿಲ್ಲ ನೋಡ. ಕುತ್ತಿಗಿ ಸುಟ್ಟಿಲ್ಲ. ಮುಲಾಮು ಎಲ್ಲಿ ಹಚ್ಚೇನಿ, ಅಲ್ಲಷ್ಟ ಸುಟ್ಟೈತಿ.”

ಹೊಳೆವ್ವ ಮಗಳ ಕಿವಿ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು. ಆಮೇಲೆ ಕೆಳಗೆ ಕೂತುಬಿಟ್ಟಳು. “ಯವ್ವಾ, ನನ್ನ ಕೈಯಾರೆ ತಂದ್ನೆಲ್ಲ,” ಅಂದಳು.

ಅವಳೇ ಹೋಗಿ ದ್ವಾರಕಾಬಾಯಿಯನ್ನು ಕರೆದಳು. ಮೂವರೂ ಡಬ್ಬಿ ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದರು. ಚರ್ಮದ ಡಾಕ್ಟರು ನೋಡಿದ ಕೂಡಲೇ ಹೇಳಿದರು: ಇದರಲ್ಲಿ ಸ್ಟಿರಾಯ್ಡ್ ಎಂಬ ಔಷಧಿ ಕಲಸಿರುವಂತಿದೆ. ರೋಗಕ್ಕೆ, ಅಳತೆ ಮೀರದಂತೆ, ಡಾಕ್ಟರ ಮಾತಿನ ಮೇಲೆ ಹಚ್ಚಬೇಕಾದದ್ದು ಅದು. ಚಂದಕ್ಕೆಂದು ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಡೆಯುವುದಿಲ್ಲ. ಇಂಥ ಕೆಲವು ಡಬ್ಬಿಗಳಲ್ಲಿ ಪಾದರಸವೂ ಇರುತ್ತದೆ, ಅದು ಮೂತ್ರಪಿಂಡಕ್ಕೇ ಹೋಗಿ ಕೂರುತ್ತದೆ. “ಬಿಟ್ಟ ಮೇಲೆ ಮುಖ ಇನ್ನೂ ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ. ಹೆದರಬೇಡ. ನಾನು ಕೊಟ್ಟದ್ದನ್ನು ಹಚ್ಚು. ಸರಿಹೋಗಲು ತಿಂಗಳುಗಟ್ಟಲೆ ಬೇಕು,” ಅಂದರು.

ಕಷ್ಟ ಇದ್ದದ್ದು ಇಲ್ಲಿಯೇ. ನಿಶ್ಚಯದ ದಿನ ಹತ್ತಿರ ಬಂದಿತ್ತು. ಮುಲಾಮು ಬಿಟ್ಟ ಮುಖ ಹಸಿ ಗಾಯದಂತೆ ಕೆಂಪಾಯಿತು. ಮಂದಾಕಿನಿಯಿಂದ ಮಾತು ಬಂತು: ‘ನಿಶ್ಚಯ ಮುಗಿಯೂತನ ಹಚ್ಚರಿ. ಹಿಂಗ ಕುಂಡ್ರಿಸಿದ್ರ ನಮ್ಮವರು ಎದ್ದ ಹೋಗ್ತಾರ.’ ಅವಳು ಹೇಳಿದ್ದರಲ್ಲಿ ಒಂದು ಮಾತು ನಿಜ. ಮತ್ತೆ ಹಚ್ಚಿದ್ದರೆ ಮುಖ ಕೆಲವು ದಿನ ತಿಳಿಯಾಗುತ್ತಿತ್ತು. ಹೆಂಡ ಬಿಟ್ಟವನಿಗೆ ಮತ್ತೊಂದು ಗುಟುಕು ಕೊಟ್ಟರೆ ಕೈನಡುಕ ನಿಲ್ಲುತ್ತದಲ್ಲ, ಹಾಗೆ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಶ್ಚಯದ ದಿನದ ಮಾತಿಗೆ ಮೊದಲು ನಿಮ್ಮ ಮನೆಯ ಗೂಡಿನಲ್ಲಿರುವ ಡಬ್ಬಿ ತೆಗೆಯಿರಿ. ಎಲೆಯ ಚಿತ್ರ ನೋಡಬೇಡಿ. ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಒಳಗೆ ಹಾಕಿದ ಪದಾರ್ಥಗಳು, ಮಾಡಿದ ತಾರೀಖು ಇವೆಯೇ ನೋಡಿ. ಇಲ್ಲದಿದ್ದರೆ ಹಚ್ಚಬೇಡಿ, ಕೊಟ್ಟವಳು ಸ್ವಂತ ಚಿಕ್ಕವ್ವನೇ ಆಗಿರಲಿ. ಎಲ್ಲ ಬರೆದಿದ್ದರೂ ಮೊದಲು ಮೊಣಕೈ ಒಳಮಗ್ಗುಲಿಗೆ ಚೂರು ಹಚ್ಚಿ ಕೆಲವು ದಿನ ಕಾಯಿರಿ. ಉರಿ, ತುರಿ ಬಂದರೆ ತೊಳೆದುಬಿಡಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಡಬ್ಬಿಯನ್ನೇ ಕಟ್ಟಿಕೊಂಡು ಡಾಕ್ಟರ ಹತ್ತಿರ ಹೋಗಿ, ಅದನ್ನು ಸರಿಮಾಡಲು ಇನ್ನೊಂದು ಡಬ್ಬಿ ಕೊಳ್ಳಬೇಡಿ. ಬಿಸಿಲಿಗೆ ಸೆರಗು, ಅಗಲ ಟೋಪಿ, ತೋಳು ಮುಚ್ಚುವ ಅಂಗಿ ಇರಲಿ. ಮತ್ತು ಯಾರಾದರೂ ನಿಮ್ಮ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರೆ ಆ ಕೈಯನ್ನು ಅಲ್ಲೇ ಹಿಡಿಯಿರಿ. ಕಪ್ಪು ರೋಗವಲ್ಲ. ಅದನ್ನು ರೋಗ ಎಂದು ನಂಬಿಸದೆ ಅವರ ಮುಲಾಮು ಬಿಕರಿಯಾಗುವುದಿಲ್ಲ.

ಇನ್ನು ನಿಶ್ಚಯದ ದಿನ. ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಲಕ್ಷ್ಮೀದೇವಿ ಸಿಪ್ಪೆ ಎದ್ದ ಕೆನ್ನೆಯಲ್ಲೇ ಹೊರಗೆ ಬಂದಳು, ಪೌಡರು ಕೂಡ ಹಚ್ಚದೆ. ಗುಸುಗುಸು ಎದ್ದಿತು. ಶರಣಬಸವ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಜಮಖಾನೆಯನ್ನೇ ನೋಡುತ್ತ ಕೂತ. ಯಾರೂ ಎದ್ದು ಹೋಗಲಿಲ್ಲ.

ಉಡಿ ತುಂಬುವ ಹೊತ್ತು ಬಂತು. ಲಕ್ಷ್ಮೀದೇವಿ ಎರಡೂ ಕೈಯಲ್ಲಿ ಸೆರಗು ಹಿಡಿದು ಕೂತಳು. ಮಂದಾಕಿನಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಕುಬಸದ ಬಟ್ಟೆ ಹಾಕಿದಳು. ಕಡೆಗೆ ಚೀಲಕ್ಕೆ ಕೈ ಹಾಕಿ ಗುಲಾಬಿ ಮುಚ್ಚಳದ ಹೊಸ ಡಬ್ಬಿಯೊಂದನ್ನು ತೆಗೆದು ಅವುಗಳ ಮೇಲಿಟ್ಟಳು.

“ಲಗ್ನದ ತನಕ ಬಿಡದ ಹಚ್ಚಕೋ. ಹಂ, ಸೆರಗ ಕಟ್ಟವಾ.”

“ಅತ್ತೀ, ಡಬ್ಬಿ ತಗೀರಿ,” ಅಂದಳು ಲಕ್ಷ್ಮೀದೇವಿ.

“ಉಡ್ಯಾಗ ಬಿದ್ದದ್ದನ್ನ ತಗೀತಾರೇನ ಹುಚ್ಚಿ? ಅಪಶಕುನ. ಕಟ್ಟು.”

ಲಕ್ಷ್ಮೀದೇವಿಯ ತಂದೆ ನಾಗಲಿಂಗಪ್ಪ ಮುಂದೆ ಬಾಗಿದ. “ಲಕ್ಷ್ಮೀ, ಹಿರೇರು ಕುಂತಾರ. ಈಗ ಕಟ್ಟವಾ. ಹಚ್ಚೂದು ಬಿಡೂದು ಆಮ್ಯಾಲ ನೋಡೂಣು.”

“ಈಗ ಕಟ್ಟಿದ್ರ ಹಚ್ಚತೇನಿ ಅಂತ ಒಪ್ಪಿದಂಗ ಆಕ್ಕೈತಿ, ಅಪ್ಪಾ.”

ಉಡಿ ಭಾರವಾಗಿತ್ತು. ಕಟ್ಟುವಂತಿಲ್ಲ, ಬಿಟ್ಟರೆ ಅಕ್ಕಿ ನೆಲದ ಪಾಲು.

“ಹೊಳೆವ್ವಾ, ನೀನರ ಹೇಳ ನಿನ್ನ ಮಗಳಿಗೆ. ಸಂಬಂಧ ಬೇಕೋ ಬ್ಯಾಡೋ?” ಅಂದಳು ಮಂದಾಕಿನಿ.

ಹೊಳೆವ್ವ ಎದ್ದು ಬಂದು ಮಗಳ ಪಕ್ಕ ಕೂತಳು. ಸೆರಗಿನ ಒಂದು ಅಂಚನ್ನು ತಾನು ಹಿಡಿದುಕೊಂಡಳು, ಅಕ್ಕಿ ಚೆಲ್ಲದಂತೆ.

“ಕಟ್ಟ ಅಂದ್ನೆಲ್ಲ!” ಮಂದಾಕಿನಿಯ ದನಿ ಪಡಸಾಲೆ ತುಂಬಿತು.

“ಕಟ್ಟಾಂಗಿಲ್ರಿ,” ಅಂದಳು ಲಕ್ಷ್ಮೀದೇವಿ.