ಐದನೆಯ ನರ

ಮಹಾದೇವಕ್ಕನ ಬಲಗೆನ್ನೆಗೆ ಮಿಂಚು ಹೊಡೆಯಲು ಶುರುವಾಗಿ ವರ್ಷಗಳೇ ಆಗಿದ್ದವು. ಮಿಂಚು ಅನ್ನುವುದು ಅವಳದೇ ಮಾತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಸಾಕು, ಕಿವಿಯ ಬುಡದಿಂದ ಗದ್ದದವರೆಗೆ ಯಾರೋ ಕರೆಂಟು ಹರಿಸಿದ ಹಾಗಾಗುತ್ತಿತ್ತು. ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗುತ್ತಿತ್ತು, ಅದೇ ಅವಳ ದುರ್ದೈವ. ಜ್ವರವಾದರೆ ಮೈ ಮುಟ್ಟಿ ನೋಡುತ್ತಾರೆ, ಗಾಯವಾದರೆ ರಕ್ತ ಕಾಣುತ್ತದೆ. ಬಂದು ಹೋಗುವ ನೋವನ್ನು ಯಾರಿಗಂತ ತೋರಿಸುವುದು?

ಅವಳ ಗಂಡ ದ್ಯಾಮಪ್ಪನದು ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರ. ಅವನು ಮೊದಲು ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಅದರ ಪಕ್ಕದ್ದನ್ನೂ ಕಿತ್ತರು. ಹೀಗೆ ಒಂದೊಂದಾಗಿ ಬಲಗಡೆಯ ದವಡೆ ಬೋಳಾದರೂ ಮಿಂಚು ನಿಲ್ಲಲಿಲ್ಲ.

"ಕೀಳಾಕ ಇನ್ನ ಹಲ್ಲ ಉಳದಿಲ್ಲ. ಉಳದದ್ದು ನಿನ್ನ ನಾಟಕ ಒಂದ" ಅಂದ ದ್ಯಾಮಪ್ಪ. ಒಂದು ದಿನ ಗೋದಾಮಿನಲ್ಲಿ ಹಮಾಲರನ್ನು ನಗಿಸಲಿಕ್ಕೆಂದು ಅವಳ ಕೆನ್ನೆಗೆ ಉಫ್ ಎಂದು ಗಾಳಿ ಊದಿದ. ಅವಳು ಮುಖ ಹಿಡಿದುಕೊಂಡು ಚೀಲದ ಮೇಲೆ ಕುಸಿದಳು. ಹಮಾಲರು ನಕ್ಕರು. ಅವರನ್ನು ಬೈದು ಏನು ಬಂತು, ಸಾವ್ಕಾರ ನಕ್ಕರೆ ಅವರೂ ನಗಬೇಕು.

ಕೊನೆಗೆ ಮಗಳು ಸುಧಾರಾಣಿಯೇ ಅವ್ವನನ್ನು ಹುಬ್ಬಳ್ಳಿಗೆ, ನರರೋಗದ ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಬುರುಡೆಯ ಮುಚ್ಚಳ ತೆಗೆದು, ಒಳಗಿನ ಮೆದುಳನ್ನು ಕೈಗೆತ್ತಿಕೊಂಡು ಬೋರಲು ಹಿಡಿದರು.

"ನೋಡ್ರಿ ಅಕ್ಕಾರ, ಇಲ್ಲಿಂದ ಹನ್ನೆರಡ ಜೋಡಿ ನರ ಹೊರಡತಾವ. ಮೊದಲನೇದು ವಾಸನಿಗೆ, ಎರಡನೇದು ನೋಟಕ್ಕ, ಎಂಟನೇದು ಕಿವಿಗೆ. ನಿಮ್ಮನ್ನ ಕಾಡಾಕತ್ತಿದ್ದು ಐದನೇದು. ಅದಕ್ಕ ಮೂರ ಟಿಸಿಲು. ಹಣಿಗೆ ಒಂದು, ಗಲ್ಲಕ್ಕ ಒಂದು, ದವಡಿಗೆ ಒಂದು. ಮುಖದ ಮ್ಯಾಲ ನೊಣ ಕುಂತ್ರೂ ಮೆದುಳಿಗೆ ಸುದ್ದಿ ಮುಟ್ಟಸೂದು ಅದರ ಕೆಲಸ. ನಿಮಗ ಅದರ ಬುಡಕ್ಕ ಒಂದು ರಕ್ತನಾಳ ತಿಕ್ಕಿ ತಿಕ್ಕಿ, ಮ್ಯಾಲಿನ ಪದರ ಸವದೈತಿ. ಹಿಂಗಾಗಿ ನೊಣ ಕುಂತ್ರ ಕೊಡ್ಲಿ ಬಿತ್ತು ಅಂತ ಸುದ್ದಿ ಕಳಸತೈತಿ. ಮೆದುಳು ಪಾಪ ಅದನ್ನ ನಂಬತೈತಿ."

"ಮತ್ತ ಹಲ್ಲು?" ಅಂದಳು ಸುಧಾರಾಣಿ.

"ಹಲ್ಲಿಂದು ಏನೂ ತಪ್ಪಿರಲಿಲ್ಲ."

ಮಹಾದೇವಕ್ಕ ಬೋಳು ದವಡೆಯನ್ನು ನಾಲಗೆಯಿಂದ ಮುಟ್ಟಿಕೊಂಡಳು. "ಮುಂದ ಮುಖ ಸೊಟ್ಟ ಆಗತೈತೇನ್ರಿ?" ಎಂದು ಕೇಳಿದಳು.

"ಇಲ್ಲ ಬಿಡ್ರಿ. ಮುಖ ಆಡಸೂದು ಏಳನೇ ನರ. ಅದು ಚೊಲೋ ಐತಿ, ಆರಾಮ ನಗಬಹುದು. ಈ ಗುಳಿಗಿ ಮಾತ್ರ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ."

ಗುಳಿಗೆ ಹಿಡಿಯಿತು. ಸ್ವಲ್ಪ ತೂಕಡಿಕೆ ಬರುತ್ತಿತ್ತು, ನಡೆಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು, ಅಷ್ಟೆ. ಮಹಾದೇವಕ್ಕ ಮತ್ತೆ ರೊಟ್ಟಿ ತಿಂದಳು. ಬಲಗೆನ್ನೆಗೆ ನೀರು ಮುಟ್ಟಿಸಿ ಮುಖ ತೊಳೆದುಕೊಂಡ ದಿನ ಬಚ್ಚಲಲ್ಲೇ ಕೂತು ಖುಷಿಗೆ ಅತ್ತಳು.

ಅಷ್ಟರಲ್ಲಿ ಸುಧಾರಾಣಿಗೆ ಸವಣೂರಿನ ಸಂಬಂಧ ಬಂತು. ಹುಡುಗ ಪ್ರಭು ಅಲ್ಲಿ ಔಷಧಿ ಅಂಗಡಿ ಇಟ್ಟವನು. ತಾಯಿ ನೀಲವ್ವನಿಗೆ ಒಬ್ಬನೇ ಮಗ. ಅವರು ಕನ್ಯೆ ನೋಡಲು ಬಂದ ದಿನ, ಟಿವಿಯ ಪಕ್ಕದಲ್ಲಿ ಬಿದ್ದಿದ್ದ ಗುಳಿಗೆಯ ಹಾಳೆಯನ್ನು ಪ್ರಭು ಎತ್ತಿ ನೋಡಿದ. "ಮನ್ಯಾಗ ಯಾರಿಗೆ ಫಿಟ್ಸ್ ಐತ್ರಿ?" ಅಂದ. ಆ ಗುಳಿಗೆಯನ್ನು ಮೂರ್ಛೆ ರೋಗಕ್ಕೂ ಕೊಡುತ್ತಾರೆ, ಈ ನರದ ನೋವಿಗೂ ಕೊಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹೆಣ್ಣು ಹೆತ್ತವರು ಕನ್ಯೆ ನೋಡಲು ಬಂದವರ ಮುಂದೆ ನಿಜ ಹೇಳಿದ್ದುಂಟೇ?

"ನಮ್ಮ ಹಮಾಲಂದ್ರಿ, ಮರ್ತು ಬಿಟ್ಟ ಹೋಗ್ಯಾನ" ಅಂದುಬಿಟ್ಟ ದ್ಯಾಮಪ್ಪ.

ಬೀಗರ ಕಾರು ಓಣಿ ದಾಟುತ್ತಲೇ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಒಯ್ದು ಗಟಾರಕ್ಕೆ ಸುರಿದ. "ನಿಶ್ಚಯ ಮುಗಿಯೂತನಾ ಇದರ ಸುದ್ದಿ ಬ್ಯಾಡ. ತೂಕಡಸೂದು, ಗ್ವಾಡಿ ಹಿಡದ ಅಡ್ಡಾಡೂದು, ಇದನ್ನ ನೋಡಿದ್ರ ಅವರು ಏನಂದಾರು?"

ಮಹಾದೇವಕ್ಕ ಮಗಳ ಕಡೆ ನೋಡಿದಳು. ತನ್ನ ಜೊತೆ ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದವಳು ಅವಳೊಬ್ಬಳೇ. ಸುಧಾರಾಣಿ ಕಾಲ ಹೆಬ್ಬೆರಳು ನೋಡುತ್ತ, "ನಾಕ ದಿನ ತಡಕೋಬೇ ಯವ್ವಾ. ಇಂಥಾ ಮನಿತನ ಮತ್ತ ಸಿಗೂದಿಲ್ಲ" ಅಂದಳು.

ತಡೆದುಕೊಳ್ಳುತ್ತೇನೆ ಅಂದುಕೊಂಡಳು ಮಹಾದೇವಕ್ಕ. ಅವಳಿಗೆ ಬೇಕಾದದ್ದು ಒಂದೇ. ನೋವು ಅಂದಾಗ ನಗುವವರಿಲ್ಲದ ಒಂದು ಮನೆಗೆ ಮಗಳು ಸೇರಬೇಕು. ಗುಳಿಗೆ ನಿಂತ ಮಾರನೆಯ ದಿನವೇ ಮಿಂಚು ತಿರುಗಿ ಬಂತು, ಬಿಟ್ಟಿದ್ದ ಬಾಕಿಯನ್ನೂ ಸೇರಿಸಿಕೊಂಡು ಬಂತು. ಅವಳು ಅಂಬಲಿಯನ್ನೂ ಎಡಗಡೆಯಿಂದ ಗುಟುಕರಿಸಿದಳು. ಫ್ಯಾನು ಹಚ್ಚಿದ ಕೋಣೆಗೆ ಕಾಲಿಡಲಿಲ್ಲ.

ನಿಶ್ಚಯದ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಮ್ಮ ಕಡೆ ಬೀಗಿತಿಯರು ಒಬ್ಬರಿಗೊಬ್ಬರು ಉಡಿ ತುಂಬದೆ ಯಾವ ಸಂಬಂಧವೂ ಕೂಡುವುದಿಲ್ಲ. ಅಕ್ಕಿ, ಕೊಬ್ಬರಿ, ಸವಣೂರಿನ ವೀಳ್ಯದೆಲೆ ಸೆರಗಿಗೆ ಬೀಳುವ ಮೊದಲು ಎರಡೂ ಕೆನ್ನೆಗೆ ಅರಿಷಿಣ ಬೀಳಬೇಕು. ಹಗುರಾಗಿ ಹಚ್ಚಿದರೆ ಬೀಗಿತಿಗೆ ಜಿಪುಣಿ ಅಂತ ಹೆಸರು. ಅಂಗೈತುಂಬ ತೆಗೆದುಕೊಂಡು ತಿಕ್ಕಿ, ಮುಖ ಹಳದಿಯಾಗುವುದನ್ನು ನೋಡಿ ಎಲ್ಲರೂ ನಗುವುದು ರೂಢಿ.

ನೀಲವ್ವ ಮೊದಲು ಎಡಗೆನ್ನೆಗೆ ಹಚ್ಚಿದಳು. ಆಮೇಲೆ ಬಲಗೆನ್ನೆಗೆ. ಕೊಡಲಿ ಬಿತ್ತು. ಮಹಾದೇವಕ್ಕ ಮಣೆಯ ಅಂಚನ್ನು ಹಿಡಿದು ನಕ್ಕಳು. ಏಳನೆಯ ನರ ತನ್ನ ಕೆಲಸ ಮಾಡಿತು. ಕಣ್ಣಲ್ಲಿ ಮಾತ್ರ ನೀರು ಸುರಿಯಿತು.

"ಮಗಳು ಗಂಡನ ಮನಿಗೆ ಹೊಕ್ಕಾಳಂತ ಈಗ ಅಳಾಕತ್ರಲ್ರೀ ಬೀಗತ್ಯಾರ!" ಅಂದಳು ನೀಲವ್ವ. ಹೆಂಗಸರು ನಕ್ಕರು. "ನಾವೂ ಹಚ್ಚತೇವಿ" ಅಂತ ಗಂಡಿನ ಕಡೆಯವರು ಮುಂದೆ ಬಂದರು. ಇನ್ನೊಬ್ಬಳು ತಿಕ್ಕಿದಳು. ಮತ್ತೊಬ್ಬಳು ತಿಕ್ಕಿ, ತಮಾಷೆಗೆ ಕೆನ್ನೆ ಹಿಂಡಿದಳು.

ಮಹಾದೇವಕ್ಕ ಚೀರಿದಳು. ಓಣಿಯ ಕೊನೆಗೂ ಕೇಳುವ ಹಾಗೆ ಚೀರಿ, ಆ ಕೈಯನ್ನು ಝಾಡಿಸಿದಳು. ತಾಟು ಹಾರಿ ಕುಂಕುಮವೆಲ್ಲ ಜಮಖಾನೆಯ ಪಾಲಾಯಿತು. ಅವಳು ಮುಖ ಮುಚ್ಚಿಕೊಂಡು ಪಕ್ಕಕ್ಕೆ ಉರುಳಿದಳು.

"ಫಿಟ್ಸ್ ಬಂತು! ಕೈಯಾಗ ಕಬ್ಬಿಣ ಕೊಡ್ರಿ!"

ಯಾರೋ ಬೀಗದಕೈ ತಂದು ಅವಳ ಮುಷ್ಟಿಯಲ್ಲಿ ತುರುಕಿದರು. ಇನ್ಯಾರೋ ಬಾಗಿಲಿಗೆ ಹೋಗಿ ಹಳೆಯ ಚಪ್ಪಲಿ ತಂದು ಮೂಗಿಗೆ ಹಿಡಿದರು. ಮೂರ್ಛೆ ತಿಳಿಯಲಿಕ್ಕೆ ಊರವರೆಲ್ಲ ಮಾಡುವ ಉಪಕಾರ ಇದೇ. ಆದರೆ ಅವಳಿಗೆ ಮೈಮೇಲೆ ಪೂರಾ ಎಚ್ಚರವಿತ್ತು. ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು, ಚಪ್ಪಲಿಯ ಸಗಣಿ ನಾರುತ್ತಿತ್ತು. ಅದರ ಅಂಚು ತುಟಿಗೆ ಉಜ್ಜಿದಂತೆಲ್ಲ ಮಿಂಚಿನ ಮೇಲೆ ಮಿಂಚು. ಬೇಡ ಅನ್ನಲು ಬಾಯಿ ತೆರೆದರೆ ಅದಕ್ಕೂ ಒಂದು ಮಿಂಚು. ಅವಳು ಒದ್ದಾಡಿದಷ್ಟೂ ಅವರು ಬಿಗಿಯಾಗಿ ಹಿಡಿದರು. ದ್ಯಾಮಪ್ಪ ಕಂಬದ ಹತ್ತಿರ ನಿಂತು ಸುಮ್ಮನೆ ನೋಡಿದ.

ಕೊನೆಗೆ ಬಿಟ್ಟರು. ಪ್ರಭು ತಾಯಿಗೆ, "ಅವತ್ತ ಗುಳಿಗಿ ನೋಡಿ ನಾ ಕೇಳಿದ್ದೆ, ಸುಳ್ಳ ಹೇಳ್ಯಾರ" ಅಂದ.

ನೀಲವ್ವ ಎದ್ದು ನಿಂತಳು. "ತಾಯಿಗಿದ್ದದ್ದು ಮಗಳಿಗೆ ಬರದ ಬಿಡತೈತೇನು? ನಾಳೆ ನಮ್ಮ ಮೊಮ್ಮಕ್ಕಳಿಗೆ? ನಡೀರಿ, ಕಾರ್ ತಗಸ್ರಿ."

"ಫಿಟ್ಸ್ ಅಲ್ರಿ!" ಸುಧಾರಾಣಿ ಅಡ್ಡ ಬಂದಳು. "ಅದು ಮೆದುಳಿಂದ ಮುಖಕ್ಕ ಬರೂ ನರ..."

"ಮೆದುಳಿಂದ?" ನೀಲವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಯಪ್ಪಾ! ಅಂದ್ರ ಹುಚ್ಚೇನು?"

ಸುಧಾರಾಣಿ ಪ್ರಭುವಿನ ಮುಖ ನೋಡಿದಳು. ಅವನು ಆಗಲೇ ಬಾಗಿಲ ಕಡೆ ತಿರುಗಿದ್ದ. ಅವಳ ಧ್ವನಿ ಬದಲಾಯಿತು.

"ಈಕಿಗೆ ಏನರ ಇರ್ಲಿ, ನನಗ ಹೆಂಗ ಬರತೈತ್ರಿ? ಈಕಿ ನನ್ನ ಹಡದಾಕಿ ಅಲ್ಲ. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ತೀರಕೊಂಡ್ಲು. ಈಕಿನ್ನ ಅಪ್ಪ ಆಮ್ಯಾಲ ಮಾಡಕೊಂಡಾನ."

ಎಲ್ಲರೂ ದ್ಯಾಮಪ್ಪನ ಕಡೆ ತಿರುಗಿದರು. ಅವನು ಕಂಬ ಬಿಟ್ಟು ಮುಂದೆ ಬಂದ. "ಹೌದ್ರಿ" ಅಂದ. "ಎರಡನೇ ಸಂಬಂಧ. ಹೇಳಾಕ ನಾಚಿಕಿ ಆಗಿತ್ತು."

ಮದುವೆಯ ಮಾತಿನಲ್ಲಿ ಎಂಥೆಂಥ ಸುಳ್ಳುಗಳನ್ನೋ ಕೇಳಿದ್ದ ನೀಲವ್ವ ಇದನ್ನು ಅಷ್ಟಕ್ಕೇ ಬಿಡಲಿಲ್ಲ. ಮಹಾದೇವಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು. "ನೀವ ಹೇಳ್ರಿ. ಈ ಹುಡುಗಿ ನಿಮ್ಮ ಹೊಟ್ಟ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ?"

ಮಹಾದೇವಕ್ಕ ತಾನು ಹೆತ್ತ ಮಗಳನ್ನು ನೋಡಿದಳು. ಸುಧಾರಾಣಿ ಈ ಸಲ ಕಣ್ಣು ತಪ್ಪಿಸಲಿಲ್ಲ. ಆ ಕಣ್ಣಲ್ಲಿ ಬೇಡಿಕೆಯಿತ್ತು, ಹೆದರಿಕೆಯಿತ್ತು, ಹಾಳು ಮಾಡಿದರೆ ನಿನ್ನನ್ನು ಬಿಡುವುದಿಲ್ಲ ಎಂಬ ಸಿಟ್ಟೂ ಇತ್ತು. ಮಹಾದೇವಕ್ಕ ಬಾಯಿ ತೆರೆದಳು. ಮಿಂಚು ಹೊಡೆಯಿತು. ಅದು ಇಳಿಯುವವರೆಗೂ ಕಾದಳು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಲ್ಲರಿ. ಈಕಿನ್ನ ಹಡದಾಕಿ ಸತ್ತಾಳ."

ನೀಲವ್ವ ನಿಟ್ಟುಸಿರು ಬಿಟ್ಟು, "ಬ್ಯಾರೆ ಕುಂಕುಮ ತರಸ್ರಿ" ಅಂದಳು. ಸುಧಾರಾಣಿ ಸೀರೆಯ ನೆರಿಗೆ ಸರಿಮಾಡಿಕೊಂಡು, ಉಡಿ ಒಡ್ಡಿ ಮಣೆಯ ಮೇಲೆ ಕೂತಳು.